ಅರಬ್ಬಿ ವಿಶ್ವಕೋಶ ಮತ್ತು ಅದರ ಹೊಸ ಲೇಖಕರು

ವಿಶ್ವಕೋಶವನ್ನು ಸಾಹಿತ್ಯದ ಸಾಲಿನಲ್ಲಿ ಕೂರಿಸಿ ವಿಮರ್ಶಿಸುವ ವಾಡಿಕೆ ನಮ್ಮಲ್ಲಿಲ್ಲ. ಬೇಕಾದಾಗ ತೆರೆದು, ಬೇಕಾದುದನ್ನು ಕಂಡುಕೊಂಡು, ಮತ್ತೆ ಕಪಾಟಿನಲ್ಲಿಡುವ ಗ್ರಂಥವೆಂದೇ ನಾವು ಅದನ್ನು ಭಾವಿಸಿದ್ದೇವೆ. ಆದರೆ ವಿಷಯವನ್ನು ತಿಳಿಯಹೇಳುವ ಗದ್ಯವೂ ಗದ್ಯವೇ. ಅದಕ್ಕೂ ಹದವುಂಟು, ನಡಿಗೆಯುಂಟು. ಎಲ್ಲಕ್ಕಿಂತ ಮಿಗಿಲಾಗಿ ಪ್ರಾಮಾಣಿಕತೆಯ ಹೊಣೆಯುಂಟು. ಶಿವರಾಮ ಕಾರಂತರ ‘ಬಾಲಪ್ರಪಂಚ’ವನ್ನು ಓದಿ ಬೆಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾದರೆ ಇಂದು ಜಗತ್ತಿನಲ್ಲಿ ಅತ್ಯಂತ ಹೆಚ್ಚು ಓದುಗರಿರುವ ವಿಶ್ವಕೋಶವನ್ನು ಬರೆಯುವವರು ಯಾರು, ಅವರಿಗೆ ಬರೆಯುವುದನ್ನು ಕಲಿಸುವವರು ಯಾರು ಎಂದು ಕೇಳುವುದು ವಿಮರ್ಶಕನ ಅಧಿಕಾರವನ್ನು ಮೀರಿದ ಪ್ರಶ್ನೆಯಾಗಲಾರದು.

ನಾನು ಇಲ್ಲಿ ಎತ್ತಿಕೊಂಡಿರುವುದು ಅರಬ್ಬಿ ವಿಕಿಪೀಡಿಯವನ್ನು. ನನ್ನ ಅರಬ್ಬಿ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದುವವನ ಅರಬ್ಬಿ. ಆದರೂ ಆ ಭಾಷೆಯಲ್ಲಿ ಈ ಕೆಲಸಕ್ಕಿರುವ ಹಿನ್ನೆಲೆ ಇಷ್ಟು ದೂರದಿಂದಲೂ ಕಣ್ಣು ಸೆಳೆಯುತ್ತದೆ. ಹತ್ತನೆಯ ಶತಮಾನದ ಬಸ್ರಾದಲ್ಲಿ ‘ಇಖ್ವಾನ್ ಅಸ್ಸಫಾ’ ಎಂಬ ಬಳಗದವರು ಗಣಿತದಿಂದ ಸಂಗೀತದವರೆಗೆ, ಖನಿಜಗಳಿಂದ ಆತ್ಮದವರೆಗೆ ಐವತ್ತಕ್ಕೂ ಹೆಚ್ಚು ಪ್ರಬಂಧಗಳನ್ನು ಬರೆದು ತಮ್ಮ ಹೆಸರನ್ನು ಮಾತ್ರ ಹೇಳದೆ ಹೋದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬೈರೂತಿನ ಬುತ್ರುಸ್ ಅಲ್ ಬುಸ್ತಾನಿ ‘ಜ್ಞಾನವೃತ್ತ’ ಎಂಬರ್ಥದ ಹೆಸರಿಟ್ಟು ಆಧುನಿಕ ವಿಶ್ವಕೋಶವೊಂದನ್ನು ಆರಂಭಿಸಿದ. ಮೊದಲ ಸಂಪುಟ ಬಂದದ್ದು 1876ರಲ್ಲಿ. ಅವನು 1883ರಲ್ಲಿ ತೀರಿಕೊಂಡ; ಮನೆಯವರು ಕೆಲಸವನ್ನು ಮುಂದುವರಿಸಿದರು; 1900ರ ಹೊತ್ತಿಗೆ ಹನ್ನೊಂದು ಸಂಪುಟಗಳಾದವು; ಅಕ್ಷರಮಾಲೆ ಮುಗಿಯುವ ಮುನ್ನವೇ ಗ್ರಂಥ ನಿಂತುಹೋಯಿತು. ಒಂದು ಮನೆತನದ ಭುಜ ಹೊರಲಾರದ ಭಾರವನ್ನು 2003ರಲ್ಲಿ ಅಂತರ್ಜಾಲದ ಅಜ್ಞಾತ ಬಳಗವೊಂದು ಹೊತ್ತುಕೊಂಡಿತು. ನಮ್ಮ ಕನ್ನಡ ವಿಕಿಪೀಡಿಯ ಹುಟ್ಟಿದ್ದೂ ಅದೇ ವರ್ಷ. 2019ರಲ್ಲಿ ಅರಬ್ಬಿಯ ಲೇಖನಗಳ ಸಂಖ್ಯೆ ಹತ್ತು ಲಕ್ಷವನ್ನು ದಾಟಿತು.

ಬರೆಯುವವರಿಗೆ ಸಂಬಳವಿಲ್ಲ, ಸಂಭಾವನೆಯಿಲ್ಲ, ಪುಸ್ತಕದ ಬೆನ್ನ ಮೇಲೆ ಹೆಸರಿಲ್ಲ. ಆದುದರಿಂದ ಹೊಸಬರನ್ನು ಕರೆತಂದು ತಿದ್ದಿ ತೀಡುವುದೇ ಅಲ್ಲಿನ ಹಳಬರ ದೊಡ್ಡ ಚಿಂತೆ. 2008ರಲ್ಲಿ ವಿಕಿಪೀಡಿಯದವರ ವಿಶ್ವ ಸಮ್ಮೇಳನ ಅಲೆಕ್ಸಾಂಡ್ರಿಯದ ಹೊಸ ಗ್ರಂಥಾಲಯದಲ್ಲಿ ಸೇರಿತು. 2012ರಲ್ಲಿ ಕೈರೊ ಮತ್ತು ಐನ್ ಶಮ್ಸ್ ವಿಶ್ವವಿದ್ಯಾನಿಲಯಗಳ ತರಗತಿಗಳಲ್ಲಿ ವಿಕಿಪೀಡಿಯಕ್ಕೆ ಬರೆಯುವುದನ್ನೇ ವಿದ್ಯಾರ್ಥಿಗಳ ಅಭ್ಯಾಸವಾಗಿ ಗೊತ್ತುಪಡಿಸಿದರು. 2015ರಲ್ಲಿ ಟುನೀಸಿಯದ ಮೊನಸ್ತೀರಿನಲ್ಲಿ ಅರಬ್ಬಿ ವಿಕಿಪೀಡಿಯದವರದೇ ಸಮ್ಮೇಳನವೊಂದು ಮೊದಲಾಯಿತು. ಕಲಿಕೆಯ ಕ್ರಮ ಸ್ಥೂಲವಾಗಿ ಎಲ್ಲೆಡೆ ಒಂದೇ. ಹೊಸಬ ಮೊದಲು ಖಾತೆ ತೆರೆಯಬೇಕು. ‘ಮಲ್‌ಅಬ್’ ಎಂಬ ಆಟದ ಅಂಗಳದಲ್ಲಿ ನಾಲ್ಕು ಸಾಲು ಗೀಚಿ ಕೈ ಪಳಗಿಸಿಕೊಳ್ಳಬೇಕು. ಒಂದು ಲೇಖನವನ್ನು, ಸಾಮಾನ್ಯವಾಗಿ ಇಂಗ್ಲಿಷಿನದನ್ನು, ಆರಿಸಿ ಅನುವಾದಿಸಬೇಕು. ಸಂದೇಹ ಬಂದರೆ ‘ಮೈದಾನ್’ಗೆ ಬಂದು ಕೇಳಬೇಕು. ಪಾರಸಿಯಿಂದ ಅವರಿಗೂ ನಮಗೂ ಹಂಚಿಹೋದ ಆ ‘ಮೈದಾನ’ವೇ ಅವರ ಚರ್ಚೆಯ ತಾಣ. ಅಂಥದೇ ತಾಣಕ್ಕೆ ಕನ್ನಡದವರು ಇಟ್ಟ ಹೆಸರು ‘ಅರಳಿ ಕಟ್ಟೆ’. ಎರಡೂ ಹೆಸರುಗಳಲ್ಲಿ ಆಯಾ ನಾಡಿನ ಬಿಸಿಲು ನೆರಳುಗಳಿವೆ.

ಈ ಕಲಿಕೆಯ ಬಗ್ಗೆ ನನ್ನ ಮುಖ್ಯ ಆಕ್ಷೇಪಣೆಯನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಕೈಗೆ ಕಲಿಸುತ್ತದೆ. ಕಿವಿಗೂ ಮನಸ್ಸಿಗೂ ಕಲಿಸುವುದು ಸಾಲದು. ಕೈಯ ಕೆಲಸವೇನೂ ಸಣ್ಣದಲ್ಲ ಎಂಬುದನ್ನು ಒಪ್ಪುತ್ತೇನೆ. ಅರಬ್ಬಿ ಬಲದಿಂದ ಎಡಕ್ಕೆ ಸಾಗುವ ಲಿಪಿ. ಅಡಿಟಿಪ್ಪಣಿ ಕಟ್ಟುವ ಸಂಕೇತಗಳೂ ಉಲ್ಲೇಖಿಸಬೇಕಾದ ವಿಳಾಸಗಳೂ ಎಡದಿಂದ ಬಲಕ್ಕೆ ಸಾಗುವ ರೋಮನ್ ಅಕ್ಷರಗಳು. ಒಂದೇ ಸಾಲಿನಲ್ಲಿ ಎರಡೂ ಎದುರುಬದುರಾದಾಗ ಆವರಣ ಚಿಹ್ನೆಗಳು ದಿಕ್ಕು ತಪ್ಪಿ ಕುಳಿತು, ಹೊಸಬನ ಕಣ್ಣಿಗೆ ಪುಟವೆಲ್ಲ ಕಲಸುಮೇಲೋಗರವಾಗಿ ತೋರುತ್ತದೆ. ಇದನ್ನು ತಾಳ್ಮೆಯಿಂದ ಬಿಡಿಸಿ ತೋರಿಸುವ ಗುರುವಿಗೆ ನಮಸ್ಕಾರ. ಆದರೆ ಆವರಣ ಸರಿಹೋದ ಮಾತ್ರಕ್ಕೆ ಒಳಗಿನ ವಾಕ್ಯ ಸರಿಹೋದಂತಾಗುವುದಿಲ್ಲ.

ವಾಕ್ಯದ ಮಾತಿಗೆ ಬರೋಣ. ಕೈರೊದ ಆ ಅಭ್ಯಾಸದಲ್ಲಿ ಐನ್ ಶಮ್ಸ್‌ನ ಭಾಷಾ ವಿಭಾಗವಾದ ‘ಅಲ್ ಅಲ್ಸುನ್’ ಕೂಡ ಸೇರಿತ್ತು. ಆ ಹೆಸರು 1835ರಲ್ಲಿ ರಿಫಾಆ ಅಲ್ ತಹ್ತಾವಿ ಸ್ಥಾಪಿಸಿದ ಅನುವಾದ ಶಾಲೆಯದು. ಯೂರೋಪಿನ ವಿದ್ಯೆಯನ್ನು ಅರಬ್ಬಿಗೆ ತಂದ ಒಂದು ಪೀಳಿಗೆಯೇ ಅಲ್ಲಿ ತಯಾರಾಯಿತು. ಇಂಥ ಕಡೆ ಅನುವಾದವನ್ನು ಆರಿಸಿಕೊಂಡದ್ದು ಸಹಜ. ಆದರೆ ಅನುವಾದವನ್ನು ಕೇವಲ ಮನೆಪಾಠವಾಗಿ ಒಪ್ಪಿಸಿದರೆ ಏನಾಗುತ್ತದೆ ಎಂಬುದಕ್ಕೆ ಅರಬ್ಬಿ ಲೇಖನಗಳಲ್ಲಿ ಗುರುತು ಸಿಗುತ್ತದೆ. ಆ ಭಾಷೆಯ ಕ್ರಿಯಾಪದ ತನ್ನ ಒಡಲಿನಲ್ಲೇ ಕರ್ತೃವನ್ನು ಬಚ್ಚಿಟ್ಟುಕೊಳ್ಳಬಲ್ಲದು; ಸ್ವರವೊಂದನ್ನು ಬದಲಿಸಿದರೆ ಕರ್ಮಣಿಯಾಗುತ್ತದೆ. ಇಷ್ಟು ಸೊಗಸಾದ ಉಪಾಯವಿದ್ದರೂ ಅನುವಾದಕ ‘ತಮ್ಮ’ ಎಂಬ ಊರುಗೋಲನ್ನು ಹಿಡಿದು ‘ಕಟ್ಟುವಿಕೆ ಪೂರ್ತಿಯಾಯಿತು’ ಎಂಬ ಬಗೆಯಲ್ಲಿ ಬರೆಯುತ್ತಾನೆ. ಹಿಂದೆಯೇ ‘ಮಿನ್ ಕಿಬಲ್’ ಎಂದು ‘ಇಂಥವರ ಕಡೆಯಿಂದ’ ಎಂಬ ಬಾಲವನ್ನೂ ಜೋಡಿಸುತ್ತಾನೆ. ಅರಬ್ಬಿ ವ್ಯಾಕರಣದ ಅಭಿಮಾನಿಗಳು ಇದನ್ನು ಬಹುಕಾಲದಿಂದ ಹಳಿಯುತ್ತ ಬಂದಿದ್ದಾರೆ. ನಗಲು ನಮಗೆ ಅಧಿಕಾರವಿಲ್ಲ. ‘ಅವರಿಂದ ಉದ್ಘಾಟಿಸಲ್ಪಟ್ಟಿತು’ ಎಂದು ದಿನವೂ ಬರೆಯುವ ನಾಡು ನಮ್ಮದು. ರೋಗ ಒಂದೇ; ರೋಗಿಗಳು ಇಬ್ಬರು.

ಇನ್ನೊಂದು ತೊಡಕು ಅರಬ್ಬಿಗೆ ವಿಶೇಷವಾದದ್ದು. ವಿಶ್ವಕೋಶದ ‘ಫುಸ್ಹಾ’, ಎಂದರೆ ಶಿಷ್ಟ ಅರಬ್ಬಿ, ಯಾವ ಮನೆಯಲ್ಲೂ ತಾಯಿ ಮಗುವಿಗೆ ಆಡುವ ಮಾತಲ್ಲ. ಎಲ್ಲರೂ ಅದನ್ನು ಶಾಲೆಯಲ್ಲಿ ಕಲಿತವರು. ಶಿಷ್ಟದಲ್ಲಿಯೂ ನಾಡಿಗೊಂದು ಪದ. ಜನವರಿ ತಿಂಗಳು ಈಜಿಪ್ಟಿನವನಿಗೆ ‘ಯನಾಯಿರ್’, ಸಿರಿಯದವನಿಗೆ ‘ಕಾನೂನ್ ಅಸ್ಸಾನಿ’, ಟುನೀಸಿಯದವನಿಗೆ ‘ಜಾನ್ಫಿ’. ಕೈಯಲ್ಲಿ ಹಿಡಿದ ದೂರವಾಣಿ ಕೈರೊದಲ್ಲಿ ‘ಮಹ್ಮೂಲ್’, ರಿಯಾದಿನಲ್ಲಿ ‘ಜವ್ವಾಲ್’, ಅಮ್ಮಾನಿನಲ್ಲಿ ‘ಖಲವಿ’. ಡಮಾಸ್ಕಸ್ಸಿನಲ್ಲಿ 1919ರಿಂದಲೂ ಕೈರೊದಲ್ಲಿ 1932ರಿಂದಲೂ ಭಾಷಾ ಅಕಾಡೆಮಿಗಳಿದ್ದೂ ಈ ವೈವಿಧ್ಯ ಒಂದಾಗಲಿಲ್ಲ. ಹೊಸಬ ಮೊದಲ ದಿನವೇ ಇನ್ನೊಬ್ಬನ ತಿಂಗಳನ್ನು ಅಳಿಸಿ ತನ್ನ ತಿಂಗಳನ್ನು ಬರೆದು ಜಗಳಕ್ಕೆ ನಿಲ್ಲುವುದು ಹೀಗೆ. ವಿಕಿಪೀಡಿಯ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಮೆಚ್ಚಿಗೆಯಾದದ್ದು: ಎಷ್ಟೋ ಕಡೆ ತಿಂಗಳ ಎರಡು ಹೆಸರನ್ನೂ ಅಕ್ಕಪಕ್ಕದಲ್ಲಿ ಬರೆಯುತ್ತಾರೆ, ವಸ್ತುವಿನ ಒಂದು ಹೆಸರಿಗೆ ಲೇಖನವಿಟ್ಟು ಉಳಿದ ಹೆಸರುಗಳಿಂದ ಅಲ್ಲಿಗೆ ದಾರಿ ತೋರಿಸುತ್ತಾರೆ. ಧಾರವಾಡದ ಮಾತು, ಮಂಗಳೂರಿನ ಮಾತು ಎಂದು ಕಿತ್ತಾಡುವವರಿಗೂ ಇದು ಒಳ್ಳೆಯ ಪಾಠವೇ. ಅಕಾಡೆಮಿ ಆಜ್ಞೆಯಿಂದ ಮಾಡಲಾಗದ್ದನ್ನು ಸೌಜನ್ಯ ಮಾಡಿದೆ.

ಈ ಸೌಜನ್ಯಕ್ಕೆ ಹೊರಗುಳಿದವರೂ ಇದ್ದಾರೆ. 2008ರಲ್ಲಿ ಈಜಿಪ್ಟಿನ ಆಡುಮಾತಿಗೆ, 2020ರಲ್ಲಿ ಮೊರಾಕ್ಕೊದ ಆಡುಮಾತಿಗೆ ಪ್ರತ್ಯೇಕ ವಿಕಿಪೀಡಿಯಗಳಾದವು. ಆಡುಮಾತಿಗೆ ಗ್ರಂಥದ ಗೌರವ ಬರಬಾರದೆಂದು ನಾನು ವಾದಿಸುವುದಿಲ್ಲ. ಆದರೆ ಈಜಿಪ್ಟಿನ ಆವೃತ್ತಿ 2020ರಲ್ಲಿ ಹತ್ತು ಲಕ್ಷದ ಗಡಿ ದಾಟಿದ ಬಗೆ ಮಾತ್ರ ದುಃಖದ್ದು. ಅಲ್ಲಿನ ಬಹುಪಾಲು ಲೇಖನಗಳು ಅಂಕಿಅಂಶಗಳ ಭಂಡಾರದಿಂದ ಯಂತ್ರದ ಸಹಾಯದಿಂದ ಎರಕ ಹೊಯ್ದ ಒಂದೆರಡು ಸಾಲುಗಳು: ಇಂಥವನು ಇಂಥ ದೇಶದ ಆಟಗಾರ, ಇಂಥ ವರ್ಷ ಹುಟ್ಟಿದ, ಅಷ್ಟೆ. ಆಡುಮಾತಿನ ಹೆಸರಿನಲ್ಲಿ ಯಾರೂ ಆಡದ ಮಾತು! ಎಣಿಕೆಯೇ ಗುರಿಯಾದಾಗ ಎಣಿಸುವ ಯಂತ್ರವೇ ಗೆಲ್ಲುತ್ತದೆ. ಎಷ್ಟು ಲೇಖನ, ಎಷ್ಟು ಅಕ್ಷರ ಎಂದು ಲೆಕ್ಕ ಕೇಳುವ ತರಬೇತುದಾರರು ಇದನ್ನು ಗಮನಿಸಬೇಕು.

ಹಾಗಾದರೆ ಕಲಿಸಬೇಕಾದದ್ದು ಏನು? ಒಂದು ಉದಾಹರಣೆಯನ್ನು ಹಿಡಿದು ಹೇಳುತ್ತೇನೆ. ಇಬ್ನ್ ಅನ್ನಫೀಸ್ ಡಮಾಸ್ಕಸ್ಸಿನಲ್ಲಿ ಬೆಳೆದು, 1288ರಲ್ಲಿ ಕೈರೊದಲ್ಲಿ ತೀರಿಕೊಂಡ ವೈದ್ಯ. ಅಭಿಮಾನ ತುಂಬಿದ ಹೊಸ ಲೇಖಕ ಅವನ ಬಗ್ಗೆ ಬರೆಯಹೊರಟರೆ ಮೊದಲು ಬರುವ ವಾಕ್ಯ ಇದು: ರಕ್ತಪರಿಚಲನೆಯನ್ನು ಕಂಡುಹಿಡಿದವನು ಇವನೇ, ಹಾರ್ವೆಯಲ್ಲ. ಇಲ್ಲಿ ಗುರು ಅವನ ಕೈಯನ್ನು ಮೆಲ್ಲನೆ ಹಿಡಿಯಬೇಕು. 1242ರಲ್ಲಿ ಆ ವೈದ್ಯ ಬರೆದದ್ದು ಹೃದಯದ ಬಲಗೂಡಿನಿಂದ ರಕ್ತ ಶ್ವಾಸಕೋಶಕ್ಕೆ ಹೋಗಿ ಎಡಗೂಡಿಗೆ ಬರುತ್ತದೆ ಎಂದು. ಹಾರ್ವೆ 1628ರಲ್ಲಿ ಪ್ರಕಟಿಸಿದ್ದು ದೇಹವಿಡೀ ಸುತ್ತುವ ಪರಿಚಲನೆಯನ್ನು. ಎರಡೂ ಬೇರೆ. ‘ಶ್ವಾಸಕೋಶದ’ ಎಂಬ ಒಂದು ಪದವನ್ನು ಸೇರಿಸಿದರೆ ವಾಕ್ಯ ಸತ್ಯವಾಗುತ್ತದೆ, ಹೆಮ್ಮೆಗೂ ಕೊರತೆಯಾಗುವುದಿಲ್ಲ. ಇದು ತಿಳಿದದ್ದು ಹೇಗೆ ಎಂದು ಮುಂದೆ ಕೇಳಬೇಕು. 1924ರಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಅತ್ತತಾವಿ ಎಂಬ ಈಜಿಪ್ಟಿನ ವೈದ್ಯ ಬರ್ಲಿನ್ನಿನ ಗ್ರಂಥಾಲಯದಲ್ಲಿ ಆ ಹಸ್ತಪ್ರತಿಯನ್ನು ಓದಿ ಗುರುತಿಸಿದ್ದರಿಂದ. ಒಂದು ವಾಕ್ಯದ ಹಿಂದೆ ಇಷ್ಟು ಜನರ ಓದು ನಿಂತಿದೆ ಎಂಬುದು ಹೊಸಬನಿಗೆ ಒಮ್ಮೆ ಹೊಳೆದರೆ ಸಾಕು. ಅಡಿಟಿಪ್ಪಣಿ ಅವನಿಗೆ ಮತ್ತೆ ಹೊರೆಯೆನಿಸದು.

ಈ ಉದಾಹರಣೆಗೆ ಇನ್ನೊಂದು ಸ್ವಾರಸ್ಯವುಂಟು. ಇಬ್ನ್ ಅನ್ನಫೀಸ್ ಆ ಮಾತನ್ನು ಹೇಳಿದ್ದು ಸ್ವತಂತ್ರ ಗ್ರಂಥದಲ್ಲಲ್ಲ. ಇಬ್ನ್ ಸೀನಾನ ವೈದ್ಯಗ್ರಂಥದ ಶರೀರಭಾಗಕ್ಕೆ ಬರೆದ ವ್ಯಾಖ್ಯಾನದಲ್ಲಿ. ಹೃದಯದ ನಡುಗೋಡೆಯಲ್ಲಿ ರಂಧ್ರಗಳಿವೆ ಎಂಬ ಪೂರ್ವಿಕರ ಮಾತನ್ನು ಗೌರವ ಬಿಡದೆ, ಸಂಕೋಚವೂ ಪಡದೆ, ಅವನು ಅಲ್ಲಗಳೆದ. ನಡುವೆ ಮೂಲಪಾಠ, ಸುತ್ತಲ ಅಂಚಿನಲ್ಲಿ ವ್ಯಾಖ್ಯಾನ, ಅದರಾಚೆ ಮತ್ತೊಬ್ಬನ ತಿದ್ದುಪಡಿ: ಅರಬ್ಬಿ ಹಸ್ತಪ್ರತಿಯ ಪುಟವೇ ಹೀಗಿರುತ್ತಿತ್ತು. ಪ್ರವಾದಿಯ ಮಾತನ್ನು ಉದ್ಧರಿಸುವಾಗ ಇಂಥವರಿಂದ ಇಂಥವರು ಕೇಳಿದರು ಎಂದು ‘ಇಸ್ನಾದ್’ ಎಂಬ ಸರಪಳಿಯನ್ನು ಹೇಳಿ, ಆ ಸರಪಳಿಯ ಒಬ್ಬೊಬ್ಬನ ನಂಬಿಕೆಯೋಗ್ಯತೆಯನ್ನೂ ತೂಗಿ ನೋಡಿದ ವಿದ್ವತ್ತು ಅದು. ಮೂಲವೆಲ್ಲಿ, ಹೇಳಿದವರು ಯಾರು, ನಂಬಬಹುದೆ ಎಂಬ ವಿಕಿಪೀಡಿಯದ ಪ್ರಶ್ನೆಗಳನ್ನು ಪಾಶ್ಚಾತ್ಯರಿಂದ ಬಂದ ನಿಯಮಗಳೆಂದು ಆ ನೆಲದ ಮಕ್ಕಳಿಗೆ ಕಲಿಸುವುದು ಮನೆಯ ಬಾವಿಯನ್ನು ಮರೆತು ನೀರಿಗೆ ಅಲೆದಂತೆ.

ಸ್ವಯಂಸೇವಕನ ಮೇಲೆ ಇಷ್ಟೆಲ್ಲ ಹೇರಿದರೆ ಅವನು ಮರುದಿನವೇ ಬಿಟ್ಟುಹೋಗುವನೆಂದು ಕೆಲವರು ಹೇಳಬಹುದು. ಈ ಮಾತಿನಲ್ಲಿ ಹುರುಳಿದೆ; ಮೊದಲ ತಪ್ಪಿಗೇ ಗದರಿಸಿ ಹೊಸಬರನ್ನು ಓಡಿಸುವ ಹಳಬರು ಯಾವ ಭಾಷೆಯಲ್ಲೂ ಉಂಟು. ಆದರೆ ನಾನು ಕೇಳುತ್ತಿರುವುದು ಹೆಚ್ಚಿನ ನಿಯಮಗಳನ್ನಲ್ಲ. ಹತ್ತು ಲೇಖನಗಳ ಬದಲು ಒಂದೇ ಪುಟವನ್ನು ಗುರುಶಿಷ್ಯರು ಒಟ್ಟಿಗೆ ಕುಳಿತು ತಿದ್ದಲಿ ಎಂದಷ್ಟೇ. ಇಂದು ಯಂತ್ರ ಕ್ಷಣಾರ್ಧದಲ್ಲಿ ಅನುವಾದಿಸುತ್ತದೆ, ಕೇಳಿದ ವಿಷಯದ ಮೇಲೆ ಪುಟಗಟ್ಟಲೆ ಬರೆದೂ ಕೊಡುತ್ತದೆ. ಮನುಷ್ಯನಿಗೆ ಉಳಿದಿರುವ ಮುಖ್ಯ ಕೆಲಸ ಸಂದೇಹಪಡುವುದು. ಅದನ್ನೇ ಕಲಿಸದಿದ್ದರೆ ಶಿಬಿರ ಏತಕ್ಕೆ?

ಕೊನೆಯದಾಗಿ, ಎಲ್ಲಕ್ಕಿಂತ ಗಂಭೀರವಾದ ಮಾತು. ಅಲ್ಲಿ ಒಂದು ವಾಕ್ಯಕ್ಕೆ ತೆರಬೇಕಾದ ಬೆಲೆ ನಮ್ಮ ಊಹೆಗೆ ಮೀರಿದ್ದಾಗಬಹುದು. ಮುಕ್ತ ಜ್ಞಾನಕ್ಕಾಗಿ ದುಡಿದ ಸಿರಿಯದ ಬಾಸಿಲ್ ಖರ್ತಬೀಲ್ 2012ರಲ್ಲಿ ಬಂಧಿತನಾಗಿ 2015ರಲ್ಲಿ ಮರಣದಂಡನೆಗೆ ಗುರಿಯಾದ. ಲೋಕಕ್ಕೆ ಅದು ತಿಳಿದದ್ದು 2017ರಲ್ಲಿ. ಸೌದಿ ಅರೇಬಿಯದ ವೈದ್ಯ, ಅರಬ್ಬಿ ವಿಕಿಪೀಡಿಯದ ಹಳೆಯ ಲೇಖಕ ಒಸಾಮಾ ಖಾಲಿದ್ 2020ರಲ್ಲಿ ಸೆರೆಯಾದ. ಅವನ ಶಿಕ್ಷೆಯನ್ನು ಮೇಲ್ಮನವಿಯಲ್ಲಿ 32 ವರ್ಷಕ್ಕೆ ಏರಿಸಿದ ಸಂಗತಿಯನ್ನು ಮಾನವಹಕ್ಕಿನ ಸಂಸ್ಥೆಗಳು 2023ರಲ್ಲಿ ಬಯಲಿಗೆ ತಂದವು. ಅನಂತರ ಅದನ್ನು ಇಳಿಸಲಾಯಿತು. ಬಣ್ಣದ ಚೀಲ, ಪ್ರಮಾಣಪತ್ರಗಳನ್ನು ಹಂಚುವ ಶಿಬಿರಗಳಲ್ಲಿ ಈ ಮಾತನ್ನೂ ಆಡಬೇಕು. ಇಖ್ವಾನರು ಹೆಸರು ಮುಚ್ಚಿಟ್ಟದ್ದು ಬರಿಯ ವಿನಯದಿಂದಲೇ ಇರಲಾರದು. ನಿಜನಾಮವನ್ನು ಯಾವಾಗ ಬಿಡಬೇಕು, ಯಾವ ಪುಟವನ್ನು ಯಾವ ಊರಿನಿಂದ ಮುಟ್ಟಬಾರದು ಎಂದು ತಿಳಿಸದೆ ಹುಡುಗರನ್ನು ಮೈದಾನಕ್ಕಿಳಿಸುವುದು ಗುರುವಿಗೆ ಸಲ್ಲದು.

ನಮ್ಮ ಕಚೇರಿಯ ಮಾತುಗಳಾದ ದಾಖಲೆ, ತಾರೀಖು, ಅಸಲು, ನಕಲು, ತಕರಾರು ಎಲ್ಲವೂ ಅರಬ್ಬಿಯ ಬೇರಿನವು. ನಮ್ಮಲ್ಲಿ ಪರೀಕ್ಷೆಯ ಕಳ್ಳತನವಾಗಿರುವ ‘ನಕಲು’ ಅಲ್ಲಿ ಒಬ್ಬರಿಂದ ಪಡೆದದ್ದನ್ನು ಮತ್ತೊಬ್ಬರಿಗೆ ತಲುಪಿಸುವ ಗೌರವದ ಪದ. ‘ತಕರಾರು’ ಅಲ್ಲಿ ಪುನರಾವೃತ್ತಿ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರೆ ನಮ್ಮಲ್ಲಿ ಜಗಳವಾದದ್ದು ಆಶ್ಚರ್ಯವಲ್ಲ. ವಿಶ್ವಕೋಶದ ಹೊಸ ಲೇಖಕನಿಗೆ ಬೇಕಾದ ವಿದ್ಯೆಯೆಲ್ಲ ಈ ಐದು ಪದಗಳಲ್ಲಿದೆ. ಅಸಲನ್ನು ಹುಡುಕುವುದು, ದಾಖಲೆ ತಾರೀಖುಗಳನ್ನು ತೋರಿಸುವುದು, ನಿಷ್ಠೆಯಿಂದ ತಲುಪಿಸುವುದು, ತಕರಾರು ಬಂದರೆ ಕುಳಿತು ಕೇಳುವುದು. ಇಷ್ಟನ್ನು ಕಲಿಸಿದ ಶಿಬಿರದಿಂದ ಹತ್ತೇ ಮಂದಿ ಹೊರಬಂದರೂ ಬುಸ್ತಾನಿಯ ಅರ್ಧಕ್ಕೆ ನಿಂತ ಅಕ್ಷರಮಾಲೆಗೆ ಮುಂದಿನ ಅಕ್ಷರಗಳು ಸೇರಿಯಾವು.