ಬೇವರ್ಸಿಯ ವಾರಸುದಾರರು

ಮೊನ್ನೆ ಆಫೀಸ್ ಕ್ಯಾಬ್‌ನಲ್ಲಿ ಗೆಳೆಯ ಒಂದು ರೀಲ್ ತೋರಿಸಿದ. ‘ಬೇವರ್ಸಿ’ ಪದ ಹುಟ್ಟಿದ್ದು ಹೇಗೆ ಅಂತ. ಬೆವರು ಸುರಿಸದೆ ಕೂತು ಉಣ್ಣುವವನೇ ಬೇವರ್ಸಿಯಂತೆ. ಹಿನ್ನೆಲೆಯಲ್ಲಿ ವೀಣೆ ಬೇರೆ. ಕೇಳೋಕೆ ಚೆನ್ನಾಗಿದೆ ಗುರು, ಆದ್ರೆ ಬರೀ ಓಳು.

ಪದವನ್ನು ಬಿಡಿಸಿ ನೋಡಿ. ‘ಬೇ’ ಅಂದ್ರೆ ಪಾರ್ಸಿ ಭಾಷೆಯಲ್ಲಿ ‘ಇಲ್ಲದ’. ಬೇನಾಮಿ, ಬೇಜವಾಬ್ದಾರಿಯಲ್ಲಿ ಇರೋದೂ ಇದೇ ‘ಬೇ’. ‘ವಾರಿಸ್’ ಅರಬ್ಬಿ ಮೂಲದ್ದು, ಉತ್ತರಾಧಿಕಾರಿ ಅಂತ ಅರ್ಥ. ಎರಡೂ ಸೇರಿ ಬೇವಾರಸಿ. ನಮ್ಮ ಬಾಯಲ್ಲಿ ಸವೆದು ಬೇವರ್ಸಿ. ಬಹಮನಿ, ಆದಿಲ್‌ಶಾಹಿ ಕಾಲದ ಆಡಳಿತದಲ್ಲಿ ಪಾರ್ಸಿ ಬಳಕೆಯಲ್ಲಿತ್ತು. ಅರ್ಜಿ, ಜಮೀನು, ಜಪ್ತಿ, ವಸೂಲಿ ಎಲ್ಲ ಆ ಕಚೇರಿ ಭಾಷೆಯ ಪದಗಳೇ, ಇದೂ ಅದೇ ಬಳಗದ್ದು. ಹಕ್ಕುದಾರರಿಲ್ಲದ ಆಸ್ತಿಗೆ, ಯಾರೂ ಕೇಳಿಕೊಂಡು ಬರದ ಹೆಣಕ್ಕೆ ಹೇಳುವ ಮಾತು.

ರೀಲ್ ತಪ್ಪು ಅನ್ನೋದಷ್ಟೇ ನನ್ನ ತಕರಾರಲ್ಲ. ಬೆವರಿನ ಕಥೆ ನಂಬಿದರೆ ಬೈಸಿಕೊಂಡವನು ಸೋಮಾರಿ, ಬೈದವನು ನ್ಯಾಯವಂತ. ನಿಜವಾದ ಮೂಲ ನಮಗೆ ಅಷ್ಟು ಆರಾಮ ಕೊಡಲ್ಲ. ಹಿಂದೆ ಮುಂದೆ ಯಾರೂ ಇಲ್ಲದಿರೋದನ್ನೇ ನಾವು ಬೈಗುಳ ಮಾಡ್ಕೊಂಡಿದ್ದೀವಿ. ಅದರಲ್ಲಿ ಅನಾಥನ ತಪ್ಪೇನಿದೆ?

ಇನ್ನು ಕೆಲವರಿದ್ದಾರೆ: ‘ಇಂಥವು ಕನ್ನಡವೇ ಅಲ್ಲ, ಬಿಸಾಕಿ’ ಅನ್ನೋರು. ಅದೇ ಬಾಯಲ್ಲಿ ‘ನಾವು ಕನ್ನಡದ ವಾರಸುದಾರರು’ ಅಂತಲೂ ಭಾಷಣ ಮಾಡ್ತಾರೆ. ಆ ವಾರಸು ಕೂಡ ಇದೇ ವಾರಿಸ್ ಸ್ವಾಮಿ! ಒಂದೇ ಬೇರಿನ ಎರಡು ಪದ. ಒಂದಕ್ಕೆ ವೇದಿಕೆ ಮೇಲೆ ಶಾಲು, ಇನ್ನೊಂದಕ್ಕೆ ಬೀದಿ.

ಪದಗಳ ಜಾಡು ಹಿಡಿಯೋ ಕೆಲಸ ನಮ್ಮಲ್ಲಿ ಹೊಸದೇನಲ್ಲ. ಕಿಟ್ಟೆಲ್ 1894ರ ತಮ್ಮ ನಿಘಂಟಿನಲ್ಲೇ ಹೊರಗಿನಿಂದ ಬಂದ ಪದಗಳಿಗೆ ಮೂಲಭಾಷೆ ಗುರುತಿಸಿದ್ದರು. ಜಿ. ವೆಂಕಟಸುಬ್ಬಯ್ಯನವರು 1991ರಿಂದ ವರ್ಷಗಟ್ಟಲೆ ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ವೀಣೆ ಇರಲಿಲ್ಲ ಅಷ್ಟೇ.

ಮುಂದಿನ ಸಲ ಇಂಥ ರೀಲ್ ಬಂದ್ರೆ ಒಂದೇ ಪ್ರಶ್ನೆ ಕೇಳಿ: ಈ ಕಥೆ ಆ ಪದದ ಅಣ್ಣತಮ್ಮಂದಿರಿಗೂ ಹೊಂದುತ್ತಾ? ಬೆವರಿನ ಕಥೆ ಹಿಡ್ಕೊಂಡು ಬೇನಾಮಿಯನ್ನ ಬಿಡಿಸೋಕಾಗಲ್ಲ.

ಗೆಳೆಯನಿಗೆ ಇಷ್ಟೆಲ್ಲ ಹೇಳಿದೆ. ‘ಹೋಗೋ ಬೇ...’ ಅಂತ ಶುರು ಮಾಡಿದವನು ಅಲ್ಲೇ ತಡೆದ. ‘ಹೋಗೋಲೋ’ ಅಂದ.