ಜೇಜುರಿಯ ಜಾಗರಣ: ಅಂಗಳದಲ್ಲೊಂದು, ಸ್ಟುಡಿಯೊದಲ್ಲೊಂದು

ಮಹಾರಾಷ್ಟ್ರದ ಜೇಜುರಿಯ ದೇವರು ಖಂಡೋಬನ ಹಾಡುಗಳು ಮೊದಲು ಕ್ಯಾಸೆಟ್ಟಿನಲ್ಲಿ ಬಂದವು, ಆಮೇಲೆ ಸಿ.ಡಿ.ಯಲ್ಲಿ, ಈಗ ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಜಾಗರಣದ ಪದಗಳು ಅವುಗಳಲ್ಲಿ ಬಹಳ. ಕೇಳಲು ಚೆನ್ನಾಗಿಯೇ ಇವೆ, ಆದರೆ ಜಾಗರಣ ಕೇಳಿದ ಹಾಗಾಗುವುದಿಲ್ಲ.

ಜಾಗರಣವೆಂದರೆ ಒಂದು ಮನೆಯ ಹರಕೆ. ಮದುವೆ ಮುಗಿದ ಮೇಲೋ ಬೇಡಿಕೊಂಡದ್ದು ಕೈಗೂಡಿದ ಮೇಲೋ ಖಂಡೋಬನಿಗೆ ಮುಡಿಪಾದ ಹಾಡುಗಾರರಾದ ವಾಘ್ಯಾ (ಗಂಡು), ಮುರಳಿ (ಹೆಣ್ಣು) ಇವರನ್ನು ಕರೆಸಿ, ಚೌಕ ಹಾಕಿ, ಘಟ ಕೂರಿಸಿ ರಾತ್ರಿಯಿಡೀ ಹಾಡಿಸುತ್ತಾರೆ. ಮೊದಲಿಗೆ ತುಳಜಾಪುರದ ಭವಾನಿ, ಪಂಢರಪುರದ ವಿಠೋಬ ಎಂದು ಊರೂರಿನ ದೇವರನ್ನು ಹೆಸರು ಹಿಡಿದು ಕರೆಯುತ್ತಾರೆ. ಸ್ಟುಡಿಯೊದಲ್ಲಿ ಆ ಕರೆ ಯಾರ ಮನೆಗೆ? ಅಲ್ಲಿ ಕರೆಯುವವರಿದ್ದಾರೆ, ಕರೆಸಿದವರಿಲ್ಲ.

ಇನ್ನು ಮಾತು. ನಮ್ಮ ಮೈಲಾರಲಿಂಗನಿಗೆ ಗಂಗಿಮಾಳವ್ವ ಇದ್ದ ಹಾಗೆ ಖಂಡೋಬನಿಗೆ ಮ್ಹಾಳಸಾ. ಅವಳ ಮೇಲೆ ಕುರಿಗಾಹಿ ಧನಗರರ ಬಾನು ಬಂದಳು. ಈ ಸವತಿಯರ ಜಗಳವೇ ಜಾಗರಣದ ಜೀವ. ಹಾಡು ನಿಲ್ಲುತ್ತದೆ, ಮಾತು ಹೊರಡುತ್ತದೆ, ಕೂತವರು ನಕ್ಕಷ್ಟೂ ಜಗಳ ಬೆಳೆಯುತ್ತದೆ. ಐದಾರು ನಿಮಿಷದ ದನಿಮುದ್ರಣದಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಉಳಿಯುವುದು ಪಲ್ಲವಿ.

ಎದುರಿಗಿರುವ ಜನರಿಂದಲೇ ಮಾತಿಗೆ ಜೀವ ಬರುತ್ತದೆ ಎಂಬುದನ್ನು, ವಿಜಯನಗರ ಜಿಲ್ಲೆಯ ಮೈಲಾರದಲ್ಲಿ ಕಾರಣಿಕ ಎಂಬ ಭವಿಷ್ಯವಾಣಿ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಮೈಲಾರಲಿಂಗನ ಭಕ್ತ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಅಂದೊಡನೆ ಅಷ್ಟು ದೊಡ್ಡ ಜನಸಾಗರ ಮೌನವಾಗುತ್ತದೆ. ಅವನು ನುಡಿಯುವುದು ಒಂದೇ ಮಾತು. ಅದಕ್ಕೆ ಎರಡನೆಯ ಟೇಕ್ ಇಲ್ಲ.

ಹಾಗೆಂದು ಸ್ಟುಡಿಯೊವನ್ನು ನಾನು ಹಳಿಯಲಾರೆ. ತುಂತುಣೆಯನ್ನೇ ತೆಗೆದುಕೊಳ್ಳಿ. ಮರದ ಸಣ್ಣ ಕೊಳಗ, ತಳಕ್ಕೆ ಚರ್ಮ, ಪಕ್ಕದಲ್ಲಿ ಬಿದಿರು, ಒಂದೇ ತಂತಿ. ಶ್ರುತಿಯೂ ಅದೇ, ಲಯವೂ ಅದೇ. ಅಂಗಳದಲ್ಲಿ ಮುರಳಿಯ ಗಂಟೆ, ವಾಘ್ಯಾನ ಬೆರಳುಗಳಡಿಯ ಪುಟ್ಟ ಚರ್ಮವಾದ್ಯ ದಿಮಡಿ ಏರುತ್ತ ಹೋದಂತೆ ಅದರ ದನಿ ಮುಳುಗಿಯೇ ಹೋಗುತ್ತದೆ. ತಂತಿ ಮೀಟಿದ ಮೇಲೆ ಉಳಿಯುವ ಆ ಕಂಪನವನ್ನು ಒಳ್ಳೆಯ ಮೈಕೊಂದೇ ಹಿಡಿಯಬಲ್ಲದು. ಇನ್ನೂ ದೊಡ್ಡ ಮಾತೊಂದಿದೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಟ್ಟು ಮುರಳಿ ಮಾಡುತ್ತಿದ್ದ ಪದ್ಧತಿಯನ್ನು ಯಾವ ಕಲೆಯ ಹೆಸರಿನಲ್ಲೂ ಮೆಚ್ಚಿಕೊಳ್ಳಲಾಗದು. ಮುಂಬಯಿ ಪ್ರಾಂತ್ಯದಲ್ಲಿ 1934ರಲ್ಲೇ ದೇವದಾಸಿ ರಕ್ಷಣೆಗೆ ಕಾನೂನು ಬಂತು. ಹೆಣ್ಣೊಬ್ಬಳು ಹರಕೆಯ ಹಂಗಿಲ್ಲದೆ, ಬರೀ ಗಾಯಕಿಯಾಗಿ ಸಂಭಾವನೆ ಪಡೆದು ಈ ಪದಗಳನ್ನು ಹಾಡುವ ಜಾಗ ಸ್ಟುಡಿಯೊ. ಅದು ಸಣ್ಣದಲ್ಲ.

ನನ್ನ ತಕರಾರು ಬೇರೆಯದು. ದನಿಮುದ್ರಣದವರು ತುಂತುಣೆಯನ್ನು ಹಿಂದೆ ಸರಿಸಿ ಕೀಬೋರ್ಡನ್ನು, ದಿಮಡಿಯ ಜಾಗಕ್ಕೆ ಆಕ್ಟೋಪ್ಯಾಡನ್ನು ತಂದರು. ಜನ ಅದಕ್ಕೆ ಒಗ್ಗಿಕೊಂಡರು. ಈಗ ಅಂಗಳಕ್ಕೆ ಬರುವ ಮೇಳಗಳೂ ಅದನ್ನೇ ಹೊತ್ತು ತರುತ್ತಿವೆ. ಜನಪ್ರಿಯ ಹಾಡನ್ನು ಮುದ್ರಣದಲ್ಲಿದ್ದಂತೆಯೇ ಒಪ್ಪಿಸುತ್ತಿವೆ. ಎದುರಿಗೆ ಕೂತ ಮನೆಯವರಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತಿದ್ದ ಪದ ಬಿಗಿದುಕೊಂಡಿದೆ. ಕೆಟ್ಟ ದನಿಮುದ್ರಣಕ್ಕಿಂತ ನನಗೆ ಇದು ಹೆಚ್ಚು ಸಂಕಟ ತರುತ್ತದೆ.

ಒಂದು ಮನೆಯ ಜಾಗರಣವನ್ನು ದೇವರ ಕರೆಯಿಂದ ಹಿಡಿದು ಕೊನೆಗೆ ಲಂಗರು ಎಂಬ ಸರಪಳಿ ಹರಿಯುವವರೆಗೆ, ಸವತಿಯರ ಜಗಳಕ್ಕೆ ಕತ್ತರಿ ಹಾಕದೆ, ಕೂತವರ ನಗುವನ್ನೂ ಬಿಡದೆ ಯಾರಾದರೂ ಮುದ್ರಿಸಲಿ. ತುಂತುಣೆಗೆ ಪ್ರತ್ಯೇಕ ಮೈಕು ಇಡಲಿ, ಹಾಡಿದ ಹೆಂಗಸರ ಹೆಸರು ಹಾಕಲಿ. ಎಷ್ಟು ಗಂಟೆಯಾದರೂ ಕೂತು ಕೇಳುತ್ತೇನೆ.