ಹಾರುವ ವಿಮಾನ ಎಷ್ಟು, ನಿಂತ ವಿಮಾನ ಎಷ್ಟು?

ಯುದ್ಧವಿಮಾನಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಲೇಖನಗಳಿಗೆ ಒಂದು ಸಿದ್ಧ ಚೌಕಟ್ಟಿದೆ. ಮೇಲೆ ವಿಮಾನದ ಬಣ್ಣದ ಚಿತ್ರ, ಪಕ್ಕದಲ್ಲಿ ಒಂದು ಪಟ್ಟಿ. ಗರಿಷ್ಠ ವೇಗ ಇಷ್ಟು, ಏರುವ ಎತ್ತರ ಇಷ್ಟು, ಹೊರುವ ಭಾರ ಇಷ್ಟು, ಬೆಲೆ ಇಷ್ಟು. ಎರಡು ವಿಮಾನಗಳ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಯಾವುದು ಶ್ರೇಷ್ಠ ಎಂದು ತೀರ್ಪು ಕೊಟ್ಟರೆ ಲೇಖನ ಮುಗಿಯಿತು. 2023ರಲ್ಲಿ ಮಲೇಷ್ಯಾ ದೇಶವು ಬೆಂಗಳೂರಿನ ತೇಜಸ್ ಬಿಟ್ಟು ದಕ್ಷಿಣ ಕೊರಿಯಾದ 18 ಎಫ್‌ಎ-50 ವಿಮಾನಗಳನ್ನು ಆರಿಸಿಕೊಂಡಾಗಲೂ ಚರ್ಚೆ ಈ ಪಟ್ಟಿಯ ಸುತ್ತಲೇ ತಿರುಗಿತು. ಯಾದಗಿರಿ, ಶಹಾಪುರ, ಸುರಪುರ ಕಡೆಯ ಭೌತವಿಜ್ಞಾನದ ವಿದ್ಯಾರ್ಥಿಗಳೂ ಅದನ್ನೇ ಕೇಳಿದರು: "ಸರ್, ನಮ್ಮ ವಿಮಾನ ವೇಗದಾಗ ಕಡಿಮಿ ಇಲ್ಲಲ್ರೀ, ಮತ್ತ ಯಾಕ ತಗೊಳ್ಳಿಲ್ಲ?"

ಪ್ರಶ್ನೆ ಸರಿಯಾಗಿದೆ, ಅಳತೆಗೋಲು ಸರಿಯಿಲ್ಲ. ಮಲೇಷ್ಯಾದ ತೀರ್ಮಾನದ ಒಳಕಾರಣಗಳನ್ನು ಊಹಿಸುವುದು ಈ ಲೇಖನದ ಉದ್ದೇಶವಲ್ಲ. ಸಣ್ಣ ರಾಷ್ಟ್ರವೊಂದು ಯುದ್ಧವಿಮಾನ ಕೊಳ್ಳುವಾಗ ನಿಜವಾಗಿ ಏನನ್ನು ಕೊಳ್ಳುತ್ತದೆ, ಅದನ್ನು ನಮ್ಮ ವಿಜ್ಞಾನ ಬರಹಗಳು ಏಕೆ ಕಾಣುತ್ತಿಲ್ಲ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಪಟ್ಟಿಯಲ್ಲಿಲ್ಲದ ಅಂಕಿ

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರ ಭಾಗದಲ್ಲಿ ಟ್ರ್ಯಾಕ್ಟರುಗಳು ಹೆಚ್ಚಿದವು. ಇಲ್ಲಿನ ರೈತ ಟ್ರ್ಯಾಕ್ಟರ್ ಕೊಳ್ಳುವಾಗ ಅಶ್ವಶಕ್ತಿ ಕೇಳುತ್ತಾನೆ, ಬೆಲೆ ಕೇಳುತ್ತಾನೆ. ಆದರೆ ಅವನ ಕೊನೆಯ ಪ್ರಶ್ನೆ, "ಇದರ ಸಾಮಾನ ಇಲ್ಲೇ ಸಿಗ್ತಾವೇನ್ರಿ?" ಎಂಬುದು. ಭತ್ತದ ಗದ್ದೆ ಹದಕ್ಕೆ ಬಂದ ವಾರದಲ್ಲಿ ಟ್ರ್ಯಾಕ್ಟರ್ ಕೆಟ್ಟು, ಬಿಡಿಭಾಗ ಹೈದರಾಬಾದಿನಿಂದ ಬರಬೇಕಾದರೆ ಆ ಅಶ್ವಶಕ್ತಿಯಿಂದ ಪ್ರಯೋಜನವಿಲ್ಲ ಎಂದು ಅವನಿಗೆ ಗೊತ್ತು. ಈ ತಿಳಿವಳಿಕೆಯನ್ನೇ ಎಂಜಿನಿಯರುಗಳು 'ಲಭ್ಯತೆ' ಎಂಬ ಪರಿಮಾಣವಾಗಿ ಬರೆಯುತ್ತಾರೆ. ಯಂತ್ರವು ಕೆಲಸಕ್ಕೆ ಸಿದ್ಧವಾಗಿದ್ದ ಕಾಲವನ್ನು ಒಟ್ಟು ಕಾಲದಿಂದ ಭಾಗಿಸಿದರೆ ಲಭ್ಯತೆ ಸಿಗುತ್ತದೆ.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಒಂದು ವಿಮಾನ ಸರಾಸರಿ 10 ದಿನ ತೊಂದರೆಯಿಲ್ಲದೆ ಹಾರುತ್ತದೆ, ಆಮೇಲೆ ದುರಸ್ತಿಗೆ 2 ದಿನ ಬೇಕು ಎನ್ನಿ. ಲಭ್ಯತೆ 12ರಲ್ಲಿ 10, ಅಂದರೆ ಸುಮಾರು ಶೇಕಡಾ 83. ಈಗ ಬಿಡಿಭಾಗಕ್ಕಾಗಿ ಇನ್ನೂ 8 ದಿನ ಕಾಯಬೇಕಾಯಿತು ಎಂದುಕೊಳ್ಳಿ. ಲಭ್ಯತೆ 20ರಲ್ಲಿ 10, ಶೇಕಡಾ 50ಕ್ಕೆ ಇಳಿಯಿತು. ವಿಮಾನ ಅದೇ, ಚಾಲಕ ಅವನೇ, ಬಣ್ಣದ ಪಟ್ಟಿಯಲ್ಲಿ ಒಂದು ಅಂಕಿಯೂ ಬದಲಾಗಿಲ್ಲ. ಆದರೂ ರಕ್ಷಣೆಗೆ ಸಿಗುವ ವಿಮಾನಗಳ ಸಂಖ್ಯೆ ಬಹಳ ಕುಸಿದಿದೆ.

ಸಣ್ಣ ಪಡೆಯ ದೊಡ್ಡ ಸಮಸ್ಯೆ

ಈ ಕಾಯುವಿಕೆ ಸಣ್ಣ ದೇಶಗಳನ್ನೇ ಹೆಚ್ಚು ಕಾಡುವುದಕ್ಕೆ ಗಣಿತದ ಕಾರಣವೊಂದಿದೆ. ವಿಕಿರಣಶೀಲ ಮೂಲದ ಕಣಗಳನ್ನು ಪ್ರಯೋಗಾಲಯದಲ್ಲಿ ಎಣಿಸಿದವರಿಗೆ ಪಾಯ್‌ಸಾನ್ ಹಂಚಿಕೆಯ ಪರಿಚಯವಿರುತ್ತದೆ. ಎಣಿಕೆ ಚಿಕ್ಕದಾದಷ್ಟೂ ಅದರ ಏರಿಳಿತ, ಸರಾಸರಿಗೆ ಹೋಲಿಸಿದರೆ, ದೊಡ್ಡದು. ಅಕಸ್ಮಾತ್ತಾಗಿ ಕೆಡುವ ಬಿಡಿಭಾಗಗಳಿಗೂ ಇದೇ ನಿಯಮವನ್ನು ಸ್ಥೂಲವಾಗಿ ಅನ್ವಯಿಸಬಹುದು.

14 ವಿಮಾನಗಳ ಪಡೆಯೊಂದಕ್ಕೆ ಒಂದು ಬಗೆಯ ಪಂಪು ತಿಂಗಳಿಗೆ ಸರಾಸರಿ 1 ಬೇಕು ಎನ್ನೋಣ. ನೂರರಲ್ಲಿ 98 ತಿಂಗಳು ಕೊರತೆಯಾಗಬಾರದು ಎಂದರೆ ಉಗ್ರಾಣದಲ್ಲಿ 3 ಪಂಪು ಇಟ್ಟಿರಬೇಕು. ಅಂದರೆ ಸರಾಸರಿ ಅಗತ್ಯದ 3 ಪಟ್ಟು. ಅದೇ ವಿಮಾನದ 16 ಪಟ್ಟು ದೊಡ್ಡ ಪಡೆಗೆ, ಅಂದರೆ 224 ವಿಮಾನಗಳಿಗೆ, ತಿಂಗಳಿಗೆ ಸರಾಸರಿ 16 ಪಂಪು ಬೇಕು. ಅಷ್ಟೇ ಭರವಸೆಗೆ ಸುಮಾರು 25 ಇದ್ದರೆ ಸಾಕು. ಅದು ಸರಾಸರಿಯ ಒಂದೂವರೆ ಪಟ್ಟು ಮಾತ್ರ. ಪ್ರತಿ ವಿಮಾನದ ಲೆಕ್ಕದಲ್ಲಿ ನೋಡಿದರೆ ಸಣ್ಣ ದೇಶ ಉಗ್ರಾಣದ ಮೇಲೆ ದೊಡ್ಡ ದೇಶದ ಸುಮಾರು ಎರಡು ಪಟ್ಟು ಹಣ ಹೂಡಬೇಕು. ವಿಮಾನದಲ್ಲಿ ಪಂಪು ಒಂದೇ ಅಲ್ಲ, ಇಂಥ ಸಾವಿರಾರು ಭಾಗಗಳಿವೆ. ಹಣವಿಲ್ಲದ ದೇಶ ಹೂಡುವುದಿಲ್ಲ, ಆಗ ವಿಮಾನ ನಿಲ್ಲುತ್ತದೆ.

ಇದ್ದ ಸಣ್ಣ ಪಡೆಯನ್ನೇ ಹಲವು ಬಗೆಯ ವಿಮಾನಗಳಾಗಿ ಒಡೆದರೆ ಸಮಸ್ಯೆ ಮತ್ತೂ ಬೆಳೆಯುತ್ತದೆ. ಮಲೇಷ್ಯಾ 1990ರ ದಶಕದಲ್ಲಿ ರಷ್ಯಾದ ಮಿಗ್-29, ಅಮೆರಿಕದ ಎಫ್/ಎ-18, ಬ್ರಿಟನ್ನಿನ ಹಾಕ್ ಕೊಂಡಿತು. 2003ರಲ್ಲಿ 18 ಸುಖೋಯ್-30ಗಳಿಗೆ ಒಪ್ಪಂದ ಮಾಡಿಕೊಂಡಿತು. ನಾಲ್ಕು ಬಗೆ, ನಾಲ್ಕು ಉಗ್ರಾಣ. ತನ್ನ 28 ರಷ್ಯನ್ ಯುದ್ಧವಿಮಾನಗಳಲ್ಲಿ ಹಾರಬಲ್ಲವು 4 ಮಾತ್ರ ಎಂದು ಅಲ್ಲಿನ ರಕ್ಷಣಾ ಸಚಿವರು 2018ರಲ್ಲಿ ಸಂಸತ್ತಿಗೆ ತಿಳಿಸಿದರು. ಸುಖೋಯ್-30ರ ವೇಗ, ಭಾರಸಾಮರ್ಥ್ಯಗಳ ಪಟ್ಟಿ ಆ ದಿನವೂ ಅಷ್ಟೇ ಆಕರ್ಷಕವಾಗಿತ್ತು.

ಒಂದೇ ವಿಮಾನ, ಎರಡು ಫಲ

ಭೌತವಿಜ್ಞಾನದಲ್ಲಿ ಒಂದು ಅಂಶದ ಪರಿಣಾಮ ತಿಳಿಯಲು ಉಳಿದವನ್ನು ಸ್ಥಿರವಾಗಿಡುತ್ತೇವೆ. ಸ್ವೀಡನ್ನಿನ ಗ್ರಿಪೆನ್ ವಿಮಾನದ ಇತಿಹಾಸ ಅಂಥ ಪ್ರಯೋಗಕ್ಕೆ ಹತ್ತಿರ ಬರುತ್ತದೆ. ಜೆಕ್ ಗಣರಾಜ್ಯ 2005ರಿಂದ 14 ಗ್ರಿಪೆನ್‌ಗಳನ್ನು ಗುತ್ತಿಗೆಗೆ ಪಡೆಯಿತು. ವಿಮಾನದ ಜೊತೆಗೆ ತರಬೇತಿ, ಬೆಂಬಲಗಳೂ ಒಪ್ಪಂದದಲ್ಲಿದ್ದವು. ಹಂಗೆರಿಯೂ 2006ರಿಂದ 14 ವಿಮಾನಗಳನ್ನು ಇದೇ ಬಗೆಯಲ್ಲಿ ತಂದುಕೊಂಡಿತು. ಸ್ವೀಡನ್ನಿನ ಸ್ವಂತ ವಾಯುಪಡೆಯೂ ಅದೇ ವಿಮಾನ ಬಳಸುತ್ತಿದ್ದುದರಿಂದ ಈ ಸಣ್ಣ ಪಡೆಗಳು ಒಂದು ದೊಡ್ಡ ಉಗ್ರಾಣಕ್ಕೆ ಜೋಡಿಸಿಕೊಂಡಂತಾಯಿತು. ಜೆಕ್ ಗುತ್ತಿಗೆ ಆಮೇಲೆ 2027ರವರೆಗೆ ವಿಸ್ತರಣೆಯಾಯಿತು.

ದಕ್ಷಿಣ ಆಫ್ರಿಕಾ ಅದೇ ಗ್ರಿಪೆನ್ನಿನ 26 ವಿಮಾನಗಳನ್ನು ಕೊಂಡು ತನ್ನದಾಗಿಸಿಕೊಂಡಿತು. 2021ರಲ್ಲಿ ಬೆಂಬಲದ ಒಪ್ಪಂದ ಮುಗಿಯಿತು, ನವೀಕರಣವಾಗಲಿಲ್ಲ. ಸುಮಾರು ಒಂದು ವರ್ಷ ಇಡೀ ಪಡೆ ನೆಲದ ಮೇಲೆ ನಿಂತಿತು. 2022ರಲ್ಲಿ ಹೊಸ ಒಪ್ಪಂದವಾದ ಮೇಲೆಯೇ ಅವು ಮತ್ತೆ ಹಾರಿದ್ದು. ವಿಮಾನ ಒಂದೇ, ಫಲ ಬೇರೆ. ವ್ಯತ್ಯಾಸ ಬಂದದ್ದು ಬೆಂಬಲದಿಂದ.

ಬೆಂಬಲ ಎಂದರೆ ಬಿಡಿಭಾಗ ಮಾತ್ರವಲ್ಲ, ಜನರೂ ಹೌದು. 2014ರ ಫೆಬ್ರವರಿ 17ರಂದು ಇಥಿಯೋಪಿಯಾದ ಅಪಹೃತ ಪ್ರಯಾಣಿಕ ವಿಮಾನವೊಂದು ಬೆಳಗಿನ ಜಾವ ಜಿನೀವಾದಲ್ಲಿ ಇಳಿಯಿತು. ಅದನ್ನು ಹಿಂಬಾಲಿಸಿ ಬಂದವು ಇಟಲಿ, ಫ್ರಾನ್ಸ್ ದೇಶಗಳ ಯುದ್ಧವಿಮಾನಗಳು. ಸ್ವಿಟ್ಜರ್ಲೆಂಡಿನ ಬಳಿ ಎಫ್/ಎ-18 ವಿಮಾನಗಳಿದ್ದವು, ಹಣವೂ ಇತ್ತು. ಆದರೆ ಅಲ್ಲಿನ ವಾಯುಪಡೆ ಆಗ ಕಚೇರಿ ವೇಳೆಯಲ್ಲಿ ಮಾತ್ರ ಸಿದ್ಧವಾಗಿರುತ್ತಿತ್ತು.

ಇಷ್ಟೆಲ್ಲ ಭಾರ ಹೊರುವುದೇ ಬೇಡ ಎಂದು ನಿರ್ಧರಿಸಿದ ದೇಶಗಳೂ ಇವೆ. ನ್ಯೂಜಿಲೆಂಡ್ 2001ರಲ್ಲಿ ತನ್ನ ಯುದ್ಧವಿಮಾನ ಪಡೆಯನ್ನೇ ವಿಸರ್ಜಿಸಿತು. ಬಾಲ್ಟಿಕ್ ಸಮುದ್ರದ ಮೂರು ಸಣ್ಣ ದೇಶಗಳ ಆಕಾಶವನ್ನು 2004ರಿಂದ ನ್ಯಾಟೋ ಒಕ್ಕೂಟದ ಇತರ ಸದಸ್ಯರು ಸರದಿಯ ಮೇಲೆ ಕಾಯುತ್ತಿದ್ದಾರೆ. 'ಯಾವ ವಿಮಾನ ಶ್ರೇಷ್ಠ' ಎಂಬ ಚೌಕಟ್ಟಿನಲ್ಲಿ ಇಂಥ ಆಯ್ಕೆಗಳಿಗೆ ಜಾಗವೇ ಇಲ್ಲ.

ಬೆಂಗಳೂರಿನ ಪಾಠ

ಈ ಪಾಠಕ್ಕೆ ಯುರೋಪಿನವರೆಗೆ ಹೋಗಬೇಕಿಲ್ಲ. ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್, ಅಂದರೆ ಎಚ್‌ಎಎಲ್, ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪಿಸಿದ ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಹಾರಿತು. ನಡೆಸಿದವರು ಸುರಂಜನ್ ದಾಸ್. ಶಬ್ದದ ವೇಗವನ್ನು ಮೀರಲೆಂದು ರೂಪಿಸಿದ ಈ ವಿಮಾನಕ್ಕೆ ಆರಿಸಿದ್ದ ಆರ್ಫಿಯಸ್-12 ಎಂಜಿನ್ನಿನ ಅಭಿವೃದ್ಧಿಯನ್ನು ಬ್ರಿಟನ್ ಕೈಬಿಟ್ಟಿತು. ಅದನ್ನು ಪೂರ್ಣಗೊಳಿಸುವ ಖರ್ಚನ್ನು ಭಾರತವೂ ಹೊರಲಿಲ್ಲ. ಕಡಿಮೆ ನೂಕುಬಲದ ಆರ್ಫಿಯಸ್-703 ಎಂಜಿನ್ನುಗಳಲ್ಲೇ ಕೆಲಸ ಸಾಗಿಸಬೇಕಾಯಿತು. ಈಜಿಪ್ಟ್ ಆಗ ತನ್ನ ಎಚ್‌ಎ-300 ವಿಮಾನಕ್ಕಾಗಿ ಇ-300 ಎಂಜಿನ್ ಸಿದ್ಧಪಡಿಸುತ್ತಿತ್ತು. ಅದನ್ನು ಪರೀಕ್ಷಿಸಲು ನಮ್ಮ ಒಂದು ಮಾರುತ್ ಅಲ್ಲಿಗೆ ಹೋಯಿತು. ಒಂದು ದೇಶದ ಬಳಿ ವಿಮಾನ, ಇನ್ನೊಂದರ ಬಳಿ ಎಂಜಿನ್. ಎರಡೂ ಸೇರಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. 1969ರಲ್ಲಿ ಈಜಿಪ್ಟ್ ಯೋಜನೆಯನ್ನೇ ನಿಲ್ಲಿಸಿತು. 147 ಮಾರುತ್‌ಗಳು ತಯಾರಾದವು, 1971ರ ಯುದ್ಧದಲ್ಲಿ ದುಡಿದವು, ಆದರೆ ಸಮತಲ ಹಾರಾಟದಲ್ಲಿ ಶಬ್ದದ ವೇಗ ಮೀರಲಿಲ್ಲ.

ತೇಜಸ್ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದಾಗಲೂ ಅದರೊಳಗಿದ್ದುದು ಅಮೆರಿಕದ ಎಫ್-404 ಎಂಜಿನ್. 1989ರಲ್ಲಿ ಮಂಜೂರಾದ ನಮ್ಮ ಕಾವೇರಿ ಎಂಜಿನ್ನನ್ನು 2008ರಲ್ಲಿ ತೇಜಸ್‌ನಿಂದ ಬೇರ್ಪಡಿಸಲಾಯಿತು. ಗ್ರಿಪೆನ್ನಿನ ಹಿಂದಿನ ಮಾದರಿಗಳ ಎಂಜಿನ್ನೂ ಎಫ್-404ರ ಸ್ವೀಡಿಷ್ ರೂಪವೇ. ಎಫ್‌ಎ-50ರಲ್ಲಿರುವುದೂ ಅದೇ ಕುಟುಂಬದ ಎಂಜಿನ್. ಸಣ್ಣ ದೇಶಗಳ ಮಾರುಕಟ್ಟೆಯಲ್ಲಿ ಎದುರಾಳಿಗಳೆಂದು ನಾವು ಬರೆಯುವ ಮೂರು ವಿಮಾನಗಳ ಹೃದಯ ಒಂದೇ ವಂಶದ್ದು ಎಂಬುದನ್ನು ಎಷ್ಟು ಲೇಖನಗಳು ಹೇಳಿವೆ?

ಇದರ ಪರಿಣಾಮ ನಮ್ಮ ಮೇಲೂ ಆಗಿದೆ. ತೇಜಸ್‌ಗೆ ಬೇಕಾದ ಬಗೆಯ 65 ಎಂಜಿನ್ನುಗಳನ್ನು ಅಮೆರಿಕದ ಜಿಇ ಸಂಸ್ಥೆ 2016ರೊಳಗೆ ಪೂರೈಸಿತು. ಮುಂದಿನ ಬೇಡಿಕೆ ಇಲ್ಲದ್ದರಿಂದ ಆ ತಯಾರಿಕಾ ಸಾಲು ನಿಂತಿತು. 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಸರ್ಕಾರ ಬೇಡಿಕೆ ಇಟ್ಟಿತು, 99 ಎಂಜಿನ್ನುಗಳಿಗೆ ಎಚ್‌ಎಎಲ್ ಬೇಡಿಕೆ ಸಲ್ಲಿಸಿತು. ನಿಂತ ಸಾಲನ್ನು ಮತ್ತೆ ಎಬ್ಬಿಸಿ ಮೊದಲ ಎಂಜಿನ್ ಒಪ್ಪಿಸುವ ಹೊತ್ತಿಗೆ 2025ರ ಮಾರ್ಚ್ ಆಗಿತ್ತು. ಅಷ್ಟರಲ್ಲಿ ಬೆಂಗಳೂರಿನಲ್ಲಿ ವಿಮಾನದ ಒಡಲುಗಳು ಎಂಜಿನ್ನಿಗಾಗಿ ಕಾದು ನಿಂತವು. 2025ರ ಸೆಪ್ಟೆಂಬರ್ 26ರಂದು ಮಿಗ್-21 ನಿವೃತ್ತವಾದಾಗ ಆ ಜಾಗ ತುಂಬಬೇಕಿದ್ದ ವಿಮಾನಗಳು ಇನ್ನೂ ಸರದಿಯಲ್ಲಿದ್ದವು. ಭಾರತ ಸಣ್ಣ ದೇಶವಲ್ಲ. ಆದರೆ ಎಂಜಿನ್ ಅಂಗಡಿಯ ಮುಂದೆ ನಿಂತಾಗ ನಾವೂ ಸಣ್ಣ ಗಿರಾಕಿಯೇ.

ಅಂಗಡಿಯವನು ಕೊಡುವುದಿಲ್ಲ ಎನ್ನುವ ಸಂದರ್ಭವೂ ಇರುತ್ತದೆ. ಅರ್ಜೆಂಟೀನಾ ಎಫ್‌ಎ-50 ಕೊಳ್ಳಬಯಸಿದಾಗ, ಅದರಲ್ಲಿ ಬ್ರಿಟಿಷ್ ಭಾಗಗಳಿರುವುದರಿಂದ ಮಾರಲಾಗದು ಎಂದು ದಕ್ಷಿಣ ಕೊರಿಯಾ 2020ರಲ್ಲಿ ತಿಳಿಸಿತು. ಫಾಕ್‌ಲ್ಯಾಂಡ್ ಯುದ್ಧದ ನೆನಪು ಒಂದು ಬಿಡಿಭಾಗದ ರೂಪದಲ್ಲಿ ಅಡ್ಡ ಬಂತು. ತೇಜಸ್‌ನಲ್ಲೂ ಚಾಲಕನನ್ನು ಹೊರಚಿಮ್ಮಿಸುವ ಆಸನ ಬ್ರಿಟನ್ನಿನದು. ಅರ್ಜೆಂಟೀನಾ ಕೊನೆಗೆ 2024ರಲ್ಲಿ ಡೆನ್ಮಾರ್ಕಿನ ಬಳಸಿದ ಎಫ್-16 ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತು.

ಮಾರುವವರ ಹೊಣೆ

ಎಚ್‌ಎಎಲ್ ಸಣ್ಣ ದೇಶವೊಂದಕ್ಕೆ ತನ್ನ ವಿನ್ಯಾಸ ಮಾರಿದ ಒಂದು ಅನುಭವವನ್ನು ಇಲ್ಲಿ ನೆನೆಯಲೇಬೇಕು. ಈಕ್ವೆಡಾರ್ 7 ಧ್ರುವ್ ಹೆಲಿಕಾಪ್ಟರುಗಳನ್ನು ಕೊಂಡಿತು. ಅವುಗಳಲ್ಲಿ 4 ಅಪಘಾತಕ್ಕೀಡಾದವು. 2015ರಲ್ಲಿ ಅದು ಒಪ್ಪಂದವನ್ನೇ ರದ್ದುಮಾಡಿ ಉಳಿದವನ್ನು ನೆಲಕ್ಕಿಳಿಸಿತು. ಎಲ್ಲ ಅಪಘಾತಗಳ ಕಾರಣ ಯಂತ್ರದ ದೋಷವಾಗಿರಲಿಲ್ಲ, ಚಾಲಕರ ತಪ್ಪೂ ಇತ್ತು. ಆದರೆ ಬಿಡಿಭಾಗಗಳ ಪೂರೈಕೆ ಸರಿಯಿಲ್ಲ ಎಂಬುದು ಈಕ್ವೆಡಾರಿನ ಮುಖ್ಯ ದೂರುಗಳಲ್ಲೊಂದು. ಭಾರತದ ಸೇನೆಗಳಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ಸೇವೆಯಲ್ಲಿದ್ದ ಯಂತ್ರವೇ ದೂರದ ಒಂದು ಸಣ್ಣ ಪಡೆಯಲ್ಲಿ ನೆಲೆ ಕಾಣಲಿಲ್ಲ. ಈ ಅಧ್ಯಾಯವನ್ನು ಮರೆಮಾಚಿ ತೇಜಸ್ ರಫ್ತಿನ ಬಗ್ಗೆ ಉತ್ಸಾಹದಿಂದ ಬರೆಯುವುದು ವಿಜ್ಞಾನ ಬರಹವಲ್ಲ, ಜಾಹೀರಾತು.

ಹಾಗಾದರೆ ತೇಜಸ್‌ಗೆ ಅವಕಾಶವಿಲ್ಲವೇ? ಇದೆ, ಆದರೆ ಅದು ವೇಗದ ಪಟ್ಟಿಯಲ್ಲಿಲ್ಲ. ಮೊದಲ 40, 2021ರ 83, 2025ರ ಸೆಪ್ಟೆಂಬರ್‌ನಲ್ಲಿ ಬೇಡಿಕೆ ಇಟ್ಟ 97 ಸೇರಿದರೆ ಭಾರತೀಯ ವಾಯುಪಡೆಗೆ 220 ತೇಜಸ್ ಆಗುತ್ತವೆ. ಮೇಲಿನ ಪಂಪಿನ ಲೆಕ್ಕದಲ್ಲಿ ಬಂದ ದೊಡ್ಡ ಪಡೆಯ ಗಾತ್ರ ಬಹುತೇಕ ಇದೇ. 14 ವಿಮಾನಗಳ ದೇಶವೊಂದು ಈ 220ರ ಉಗ್ರಾಣಕ್ಕೆ ಜೋಡಿಸಿಕೊಂಡರೆ ಪ್ರತ್ಯೇಕ ದಾಸ್ತಾನಿನ ಹೊರೆ ಬಹಳ ತಗ್ಗುತ್ತದೆ. 'ನಮ್ಮ ವಿಮಾನ ಕೊಳ್ಳಿ' ಎನ್ನುವುದಕ್ಕಿಂತ 'ನಮ್ಮ ಉಗ್ರಾಣದಲ್ಲಿ ಪಾಲು ಪಡೆಯಿರಿ' ಎನ್ನುವುದು ಹೆಚ್ಚು ಬೆಲೆಬಾಳುವ ಮಾತು. ಆದರೆ ಅದಕ್ಕೆ ಮೊದಲು ನಮ್ಮದೇ ಉಗ್ರಾಣ ತುಂಬಿರಬೇಕು. ತಡವಾದ ಬೇಡಿಕೆ, ನಿಂತುಹೋದ ತಯಾರಿಕಾ ಸಾಲು, ಎಂಜಿನ್ನಿಲ್ಲದ ಒಡಲುಗಳನ್ನು ಕಣ್ಣಾರೆ ಕಂಡ ಗಿರಾಕಿ ಆ ಮಾತನ್ನು ನಂಬುವುದು ಕಷ್ಟ.

ರಾಡಾರ್, ಕ್ಷಿಪಣಿ, ವೇಗಗಳು ಮುಖ್ಯವಲ್ಲ ಎಂದು ಯಾರೂ ಹೇಳಲಾರರು. ಯುದ್ಧದಲ್ಲಿ ಅವುಗಳಿಗೆ ಬೆಲೆ ಇದ್ದೇ ಇದೆ. ಆದರೆ ಅವೆಲ್ಲ ಲಭ್ಯತೆಯಿಂದ ಗುಣಿಸಿಕೊಂಡೇ ಆಕಾಶ ಸೇರುತ್ತವೆ. ಯಾವ ದೊಡ್ಡ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೂ ಉತ್ತರ ಸೊನ್ನೆ. ಆದ್ದರಿಂದ ಯುದ್ಧವಿಮಾನದ ಬಗ್ಗೆ ಬರೆಯುವ ಪ್ರತಿ ಲೇಖನವೂ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಲಿ. ಈ ಪಡೆಯಲ್ಲಿ ಇಂದು ಬೆಳಿಗ್ಗೆ ಹಾರಬಲ್ಲವು ಎಷ್ಟು? ಎಂಜಿನ್ ಮತ್ತು ಬಿಡಿಭಾಗ ಎಲ್ಲಿಂದ ಬರುತ್ತವೆ, ಕೊಡುವುದಿಲ್ಲ ಎನ್ನುವ ಅಧಿಕಾರ ಯಾರಿಗಿದೆ? ಕೆಟ್ಟರೆ ರಿಪೇರಿ ಮಾಡುವ ಕೈಗಳು ಯಾವ ದೇಶದಲ್ಲಿವೆ?

ಮೂರನೆಯ ಪ್ರಶ್ನೆ ನಮ್ಮ ಭಾಗದ ಯುವಜನರಿಗೂ ಸಂಬಂಧಿಸಿದ್ದು. ಬೀದರಿನ ವಾಯುನೆಲೆಯಲ್ಲಿ ಹಾಕ್ ವಿಮಾನಗಳ ಮೇಲೆ ಯುವ ಚಾಲಕರು ಯುದ್ಧವಿಮಾನ ಹಾರಾಟ ಕಲಿಯುತ್ತಾರೆ. 2004ರಲ್ಲಿ ಕೊಂಡ ಮೊದಲ 66 ಹಾಕ್‌ಗಳ ಪೈಕಿ 42 ಬೆಂಗಳೂರಿನಲ್ಲೇ ತಯಾರಾದವು. ಅವುಗಳನ್ನು ದಿನವೂ ಹಾರುವಂತೆ ಇಡುವುದು ತಂತ್ರಜ್ಞರ ಕೆಲಸ. ಆ ಕೆಲಸಕ್ಕೆ ಲೋಹದ ದಣಿವು, ಉಷ್ಣ ವಿಸ್ತರಣೆ, ಸಂಭಾವ್ಯತೆಗಳ ಪಾಠ ಬೇಕು. ಇವು ಯಾದಗಿರಿಯ ಪದವಿ ತರಗತಿಯಲ್ಲೂ, ಐಟಿಐಯಲ್ಲೂ ಕಲಿಸಬಹುದಾದ ಸಂಗತಿಗಳು. ಚಾಲಕನ ಚಿತ್ರದ ಪಕ್ಕದಲ್ಲಿ ಒಮ್ಮೆಯಾದರೂ ಸ್ಪ್ಯಾನರ್ ಹಿಡಿದ ತಂತ್ರಜ್ಞನ ಚಿತ್ರವನ್ನು ನಮ್ಮ ಪತ್ರಿಕೆಗಳು ಅಚ್ಚುಮಾಡಲಿ. ಆ ದಿನ ಎಷ್ಟು ವಿಮಾನ ಹಾರುತ್ತವೆಂದು ನಿರ್ಧರಿಸುವವನು ಅವನೇ.